ಟೇಪಮ್ಮನ ಅಂಗಡಿಗೆ ಆಪ್ ಬಂದದ್ದು

ಟೇಪಮ್ಮನ ಹೆಸರನ್ನು ನಾನು ಮೊದಲು ಕೇಳಿದ್ದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ. ಪಕ್ಕದಲ್ಲಿ ಬೇಕರಿಯ ಯಜಮಾನಿ ಕೂತಿದ್ದಳು. ಮೂವರು ಕೂರುವ ಬೆಂಚಿನಲ್ಲಿ ಎರಡು ಪಾಲು ಆಕೆಯದೇ ಆಗಿತ್ತು, ನಾನು ತುದಿಯಲ್ಲಿ ಅರ್ಧ ಕೂತು ಅರ್ಧ ನಿಂತಿದ್ದೆ. ಆಕೆ ಎದುರಿಗಿದ್ದ ಗೆಳತಿಗೆ ಹೇಳುತ್ತಿದ್ದಳು:

"ನನ್ನ ಸೊಂಟ ಮೂವತ್ನಾಲ್ಕೇ ಕಣೆ. ನಂಬಿಕೆ ಇಲ್ದಿದ್ರೆ ಹೋಗಿ ಟೇಪಮ್ಮನ್ನ ಕೇಳು. ಮೊನ್ನೆ ತಾನೆ ಅಳೆದಿದ್ದಾಳೆ."

ನಾನು ಒಂದು ಸಲ ಆ ಸೊಂಟವನ್ನು ನೋಡಿದೆ. ಈ ಟೇಪಮ್ಮ ಯಾರೋ, ಒಂದೋ ಅವಳ ಟೇಪು ಕೆಟ್ಟಿದೆ, ಇಲ್ಲ ಕಣ್ಣು ಕೆಟ್ಟಿದೆ ಅಂದುಕೊಂಡೆ.

ಮುಂದಿನ ವರ್ಷ ನನ್ನ ಯಜಮಾನರು ತೀರಿಕೊಂಡರು. ಅವರು ಅಚ್ಚುಕೂಟದಲ್ಲಿ ಯಂತ್ರ ನಡೆಸುತ್ತಿದ್ದವರು. ಮನೆಯಲ್ಲಿ ಸುಮ್ಮನೆ ಕೂತರೆ ಗೋಡೆಯೇ ಮೈಮೇಲೆ ಬರುತ್ತಿತ್ತು. ಕೈಹೊಲಿಗೆ ಬರುತ್ತದೆ ಎಂಬ ಧೈರ್ಯದಿಂದ ಟೇಪಮ್ಮನ ಅಂಗಡಿ ಹುಡುಕಿಕೊಂಡು ಹೋದೆ. ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಹದಿನಾಲ್ಕು ಮೆಟ್ಟಿಲು. ಕಿಟಕಿಯ ಬಳಿ ಎರಡು ಹೊಲಿಗೆ ಯಂತ್ರ, ಉದ್ದನೆಯ ಕತ್ತರಿಸುವ ಮೇಜು, ಡಬ್ಬಿಯ ಮುಚ್ಚಳದಲ್ಲಿ ಸೀಮೆಸುಣ್ಣದ ಚೂರುಗಳು, ಮೂಲೆಯಲ್ಲಿ ಹಸಿರು ಪರದೆ. ಪರದೆಯ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ. ಟೇಪಮ್ಮ ಕಡ್ಡಿಯಂತೆ ತೆಳ್ಳಗಿದ್ದಳು. ಕೊರಳಲ್ಲಿ ಹಳದಿ ಟೇಪು. ಅದನ್ನು ತೆಗೆದಿಟ್ಟು ಮಲಗುತ್ತಾಳೋ ಹಾಕಿಕೊಂಡೇ ಮಲಗುತ್ತಾಳೋ ಎಂದು ಊರವರಿಗೆ ಅನುಮಾನವಿತ್ತು.

"ಓದು ಎಷ್ಟು?" ಅಂದಳು.

"ಮೂರನೇ ಕ್ಲಾಸು."

"ಸಾಕು. ಇಲ್ಲಿ ಓದೋದು ಟೇಪು ಒಂದೇ. ಬಾಯಿ ಹೇಗೆ?"

"ಬಾಯಿಗೇನಾಗಿದೆ?"

"ಬಿಗಿ ಇದೆಯಾ ಅಂತ ಕೇಳ್ದೆ ಅಕ್ಕಾ. ಈ ಮೆಟ್ಟಿಲು ಹತ್ತಿ ಬಂದ ಮಾತು ಕೆಳಗೆ ಇಳೀಬಾರದು."

ನಾನು ಅವಳಿಗಿಂತ ಮೂರು ವರ್ಷಕ್ಕೆ ದೊಡ್ಡವಳು, ಹಾಗಾಗಿ ಮೊದಲ ದಿನದಿಂದಲೇ ಅಕ್ಕನಾದೆ. ನನ್ನ ಕೆಲಸ ಕಾಜಾ ಹೊಲಿಯುವುದು. ಅಂದರೆ ಗುಂಡಿ ತೂರುವ ಸೀಳಿನ ಸುತ್ತ ದಾರ ಕಟ್ಟುವುದು. ಜೊತೆಗೆ ಗುಂಡಿ ಹಾಕುವುದು, ಅಂಗಿಯ ಒಳಗಿನ ಅಸ್ತರು ಬಟ್ಟೆಯ ಅಂಚು ಕೂರಿಸುವುದು.

ಬೇಕರಿಯಮ್ಮನ ಮೂವತ್ನಾಲ್ಕರ ಗುಟ್ಟು ವಾರದೊಳಗೆ ಗೊತ್ತಾಯಿತು. ಟೇಪಮ್ಮ ಪರದೆಯ ಹಿಂದೆ ಅಳೆಯುವಾಗ ಹೊರಗೆ ಕಾಯುತ್ತಿದ್ದವರಿಗೂ ಕೇಳುವಂತೆ ಸಂಖ್ಯೆ ಕೂಗುತ್ತಿದ್ದಳು. ಕೂಗುವುದು ಕಡಿಮೆಯ ಸಂಖ್ಯೆ. ಪುಸ್ತಕದಲ್ಲಿ ಬರೆಯುವುದೂ ಅದನ್ನೇ. ಆದರೆ ಅದರ ಕೆಳಗೆ ಪೆನ್ಸಿಲಿನಿಂದ ಸಣ್ಣ ಚುಕ್ಕಿಗಳು. ಒಂದು ಚುಕ್ಕಿಗೆ ಒಂದು ಇಂಚು, ಕತ್ತರಿಸುವಾಗ ಕೂಡಿಸಿಕೊಳ್ಳಬೇಕು. ಇದಕ್ಕೆ ಅವಳು ಮರ್ಯಾದೆ ಅಳತೆ ಎಂದು ಹೆಸರಿಟ್ಟಿದ್ದಳು. ಗಿರಾಕಿ ಕನ್ನಡಿಯ ಮುಂದೆ ನಿಂತು "ಎಷ್ಟು ಸರಿಯಾಗಿ ಕೂತಿದೆ ನೋಡು!" ಅಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡಿದರೆ ನಗು ತಡೆಯುವುದು ಕಷ್ಟ.

ಆ ಪುಸ್ತಕದಲ್ಲಿ ನಗುವ ವಿಷಯ ಮಾತ್ರ ಇರಲಿಲ್ಲ. ಒಬ್ಬಳಿಗೆ ಒಂದು ಭುಜ ಇಳಿಜಾರು, ಇನ್ನೊಬ್ಬಳಿಗೆ ಬೆನ್ನ ಮೇಲೆ ಸುಟ್ಟ ಗಾಯ. ಹುಡುಗಿಯರ ಶಾಲೆಯ ದೊಡ್ಡ ಟೀಚರಿಗೆ ಗಡ್ಡೆಯ ಕಾಯಿಲೆಯಾಗಿ ಬಲಗಡೆಯ ಎದೆಯನ್ನು ಡಾಕ್ಟರು ತೆಗೆದಿದ್ದರು. ಅವರಿಗೆ ಟೇಪಮ್ಮ ತಾನೇ ಹತ್ತಿ ಹಿಂಜಿ, ತೂಕಕ್ಕೆ ಸಣ್ಣ ಮರಳಿನ ಚೀಲ ಸೇರಿಸಿ, ಅಂಗಿಯ ಅಸ್ತರಿನಲ್ಲೇ ಒಂದು ಮೆತ್ತೆ ಕೂರಿಸಿದಳು. ಅದನ್ನು ಕೈಯಲ್ಲಿ ಹೊಲಿದವಳು ನಾನು. ಮೊದಲ ಸಲ ಅದನ್ನು ತೊಟ್ಟು ಪರದೆಯಿಂದ ಹೊರಗೆ ಬಂದ ಟೀಚರು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಕೈಚೀಲ ಎತ್ತಿಕೊಂಡು "ನಾಳೆಯಿಂದ ಶಾಲೆಗೆ ಹೋಗ್ತೀನಿ" ಅಂದರು. ಅಷ್ಟೇ ಅಂದದ್ದು. ಆ ವಿಷಯ ಡಾಕ್ಟರಿಗೆ, ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ವರ್ಷಗಳು ಉರುಳಿದವು. ಟೇಪಮ್ಮನ ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಚುರುಕು ಹೆಂಗಸು, ಯಂತ್ರವನ್ನೂ ತುಳಿಯುತ್ತಿದ್ದಳು, ಅಂಗಡಿಯ ಫೋನನ್ನೂ ನೋಡಿಕೊಳ್ಳುತ್ತಿದ್ದಳು. ಪುಸ್ತಕದ ಹಾಳೆಗಳು ಹಳದಿಯಾಗಿ ಪೆನ್ಸಿಲು ಮಾಸುತ್ತಿರುವುದನ್ನು ಕಂಡು, ಎಲ್ಲವನ್ನೂ ಅಂಗಡಿಯ ಆನ್‌ಲೈನ್ ಖಾತೆಗೆ ಏರಿಸಿದಳು. ಅಲ್ಲೊಂದು ಹಾಳೆ ಮಾಡಿ, ಹೆಸರಿಗೊಂದು ಸಾಲು, ಮೇಲ್ ವಿಳಾಸಕ್ಕೆ ಒಂದು, ಅಳತೆಗೆ ಒಂದು, ಹುಟ್ಟಿದ ದಿನಕ್ಕೆ ಒಂದು, ಟಿಪ್ಪಣಿಗೆ ಒಂದು. ಚುಕ್ಕಿಗಳಿಗೆ "ಕೂಡಿಸುವುದು" ಎಂದು ಬೇರೆ ಸಾಲು. ಪುಸ್ತಕ ಬೆಂಕಿಗೆ ಸಿಕ್ಕರೂ ಇದು ಉಳಿಯುತ್ತದೆ ಅಂದಳು. ಟೇಪಮ್ಮನಿಗೆ ಅದು ಸರಿ ಅನ್ನಿಸಿತು.

ಅಷ್ಟು ಹೊತ್ತಿಗೆ ಜನ ಸಿದ್ಧ ಉಡುಪಿಗೆ ತಿರುಗಿದ್ದರು. ಒಂದು ಯಂತ್ರಕ್ಕೆ ಬಟ್ಟೆ ಹೊದಿಸಿ ಮೂರು ತಿಂಗಳಾಗಿತ್ತು. ಸೊಸೆ ಕಾರ್ಖಾನೆಯ ಕೆಲಸಕ್ಕೆ ಅರ್ಜಿ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದಳು. ನಾವು ಕಂಡೂ ಕಾಣದವರಂತಿದ್ದೆವು. ಆಗ ದೊಡ್ಡಾಸ್ಪತ್ರೆಯಿಂದ ನರ್ಸುಗಳ ಸಮವಸ್ತ್ರದ ಆರ್ಡರು ಬಂತು. ಇನ್ನೂರು ಜನರಿಗೆ, ವರ್ಷಕ್ಕೆ ಎರಡು ಸಲ. ಒಂದೇ ಷರತ್ತು: ಅಳತೆ, ಲೆಕ್ಕ ಎಲ್ಲವೂ ಅವರು ಹೇಳಿದ ಆಪ್‌ನಲ್ಲೇ ನಡೆಯಬೇಕು, ಶನಿವಾರದೊಳಗೆ ಸೇರಿಕೊಳ್ಳಬೇಕು.

ಬುಧವಾರ ಬೆಳಿಗ್ಗೆ ಸೊಸೆ ಫೋನು ಹಿಡಿದು ಮೇಜಿನ ಮೇಲೆ ಕೂತಳು. ಆಪು ಅನುಮತಿ ಕೇಳುತ್ತಿತ್ತು. ಬೆರಳು ಇನ್ನೇನು ಒತ್ತಬೇಕು, ಟೇಪಮ್ಮ ತಡೆದಳು.

"ಏನು ಕೇಳ್ತಿದೆ ಅದು? ಓದಿ ಹೇಳು."

"ಎಲ್ಲಾ ಆಪೂ ಕೇಳೋದೇ ಅತ್ತೆ."

"ಓದು ಅಂದೆ."

ಸೊಸೆ ಓದಿದಳು: "ನಿಮ್ಮ ಖಾತೆಯ ಎಲ್ಲ ಕಡತಗಳನ್ನು ನೋಡುವುದು, ತಿದ್ದುವುದು, ಅಳಿಸುವುದು. ನಿಮ್ಮ ಮೇಲ್ ಓದುವುದು, ನಿಮ್ಮ ಪರವಾಗಿ ಮೇಲ್ ಕಳಿಸುವುದು. ನಿಮ್ಮ ಪರಿಚಯದವರ ಪಟ್ಟಿ ನೋಡುವುದು."

"ನರ್ಸುಗಳ ಅಂಗಿ ಹೊಲಿಯೋಕೆ ಇವನಿಗೆ ಬೇಕರಿಯಮ್ಮನ ಸೊಂಟ ಯಾಕೆ ಬೇಕು?"

"ಇವನು ಅಲ್ಲ ಅತ್ತೆ, ಅದು ಆಪು."

"ಯಾರೋ ಒಬ್ಬ ಮಾಡಿರ್ತಾನಲ್ಲ! ಅಳಿಸೋದು ಬೇರೆ ಅಂತೆ. ನನ್ನ ಬೀರು ತೆಗೆದು ನನ್ನ ಸೀರೆ ಹರಿಯೋಕೆ ನನ್ನನ್ನೇ ಅಪ್ಪಣೆ ಕೇಳ್ತಾನೆ."

"ಯಾರೂ ಇದನ್ನ ಓದಲ್ಲ ಅತ್ತೆ, ಸುಮ್ನೆ ಒತ್ತುತಾರೆ."

"ಯಾರೂ ಓದಲ್ಲ ಅಂದ್ಮೇಲೆ ಬರೆದದ್ದು ಯಾಕೆ?"

ಸೊಸೆ ನನ್ನ ಕಡೆ ತಿರುಗಿದಳು. "ನೀವಾದ್ರೂ ಹೇಳಿ ದೊಡ್ಡಮ್ಮ. ಹಿಂದೆ ಎಷ್ಟೋ ಆಪ್‌ಗೆ ಹೀಗೇ ಒತ್ತಿದೀನಿ. ಏನಾಯ್ತು? ಏನೂ ಆಗ್ಲಿಲ್ಲ."

ಅವಳು ಹೇಳಿ ಬಾಯಿ ಮುಚ್ಚಿರಲಿಲ್ಲ, ಮೆಟ್ಟಿಲ ಮೇಲೆ ಸದ್ದಾಯಿತು. ಆ ಮರದ ಮೆಟ್ಟಿಲು ಅಷ್ಟು ಜೋರಾಗಿ ನರಳುವುದು ಒಬ್ಬರಿಗೆ ಮಾತ್ರ. ಬೇಕರಿಯಮ್ಮ ಏದುಸಿರು ಬಿಡುತ್ತಾ ಬಂದು ತನ್ನ ಫೋನನ್ನು ಟೇಪಮ್ಮನ ಮೂಗಿನ ಹತ್ತಿರ ಹಿಡಿದಳು.

"ಏನೇ ಇದು? ಹುಟ್ಟಿದ ಹಬ್ಬಕ್ಕೆ ಇಂಥಾ ಉಡುಗೊರೇನಾ?"

ಸೊಸೆ ಅದನ್ನು ತೆಗೆದುಕೊಂಡು, ನಮ್ಮ ಅಂಗಡಿಯ ಹೆಸರಿನಲ್ಲಿ ಬಂದಿದ್ದ ಮೇಲ್ ಓದಿದಳು. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು. "ಪ್ರಿಯ ಗ್ರಾಹಕರೇ, ಹುಟ್ಟುಹಬ್ಬದ ಶುಭಾಶಯಗಳು! ನಮ್ಮಲ್ಲಿರುವ ನಿಮ್ಮ ವಿವರ. ಸೊಂಟ: ಮೂವತ್ನಾಲ್ಕು. ಕೂಡಿಸುವುದು: ಐದು. ಟಿಪ್ಪಣಿ: ಕೂತಾಗ ಹೊಟ್ಟೆ ಮುಂದೆ ಬರುತ್ತದೆ, ಗುಂಡಿಗೆ ಎರಡು ಸುತ್ತು ದಾರ ಹೆಚ್ಚು ಹಾಕಿ ಭದ್ರ ಮಾಡುವುದು."

"ನನ್ನ ಗಂಡ ಇದನ್ನ ಅಂಗಡೀಲಿ ಗಿರಾಕಿಗಳ ಮುಂದೆ ಜೋರಾಗಿ ಓದ್ದ! ಬ್ರೆಡ್ ತಗೊಳ್ಳೋಕೆ ಬಂದವರೆಲ್ಲ ಬ್ರೆಡ್ ಬಿಟ್ಟು ನನ್ನನ್ನೇ ನೋಡ್ತಿದ್ರು. ಈ ಕೂಡಿಸುವುದು ಐದು ಅಂದ್ರೆ ಏನೇ?"

ನಾನು ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿದೆ. ದಾರ ಆಗಲೇ ಪೋಣಿಸಿತ್ತು. ಟೇಪಮ್ಮ ಕಣ್ಣು ಮಿಟುಕಿಸದೆ ಹೇಳಿದಳು: "ಅದು ಉಸಿರಾಡೋಕೆ ಬಿಡೋ ಜಾಗ."

"ಐದಿಂಚು ಉಸಿರಾ?"

"ನಿಂದು ಒಳ್ಳೇ ಶ್ವಾಸಕೋಶ. ಎಲ್ಲರಿಗೂ ಹಂಗಿರಲ್ಲ. ಮೊದಲಿಂದ ಹಿಟ್ಟು ನಾದಿದ ಮೈ ನೋಡು."

ಬೇಕರಿಯಮ್ಮ ಒಂದು ಕ್ಷಣ ಯೋಚಿಸಿದಳು. ಎದೆ ತುಂಬಾ ಉಸಿರು ಎಳೆದು ನೋಡಿದಳು. ಅವಳಿಗೆ ಅರ್ಧ ಒಪ್ಪಿಗೆಯಾಯಿತು. ಉಳಿದ ಅರ್ಧಕ್ಕೆ ಹೊಸ ಅಂಗಿಯೊಂದನ್ನು ಪುಕ್ಕಟೆ ಹೊಲಿದುಕೊಡುವ ಮಾತು ತಗೊಂಡು ಇಳಿದುಹೋದಳು.

ಅವಳು ಇಳಿದದ್ದೇ ತಡ, ಟೇಪಮ್ಮನ ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ. "ಈ ಕಾಗದ ಕಳಿಸಿದ್ದು ಯಾರು?"

ಸೊಸೆ ಖಾತೆಯ ಒಳಗೆ ಹೋಗಿ ಎಲ್ಲೆಲ್ಲೋ ಒತ್ತಿ ಒಂದು ಪಟ್ಟಿ ತೆಗೆದಳು. ಇದುವರೆಗೆ ಯಾವ ಯಾವ ಆಪ್‌ಗೆ ಒಳಗೆ ಬರಲು ಬಿಟ್ಟಿದ್ದೇವೆ ಎಂಬ ಪಟ್ಟಿ. ಏಳು ಇದ್ದವು. ಅದರಲ್ಲಿ ಒಂದು, ಗಿರಾಕಿಗಳಿಗೆ ಶುಭಾಶಯ ಕಳಿಸುವುದು. ಎರಡು ವರ್ಷದ ಹಿಂದೆ ಪುಕ್ಕಟೆ ಸಿಗುತ್ತದೆಂದು ಒತ್ತಿ ಮರೆತದ್ದು. ಇಷ್ಟು ದಿನ ಬರೀ ಹೂವಿನ ಚಿತ್ರ ಕಳಿಸುತ್ತಿತ್ತು. ಈಗ ಅದನ್ನು ಮಾಡಿದವರು ಏನೋ ಹೊಸತು ಸೇರಿಸಿ, ಹಾಳೆಯಲ್ಲಿದ್ದ ಸಾಲುಗಳನ್ನೆಲ್ಲ ಕಾಗದಕ್ಕೆ ಸುರಿಯುವಂತೆ ಮಾಡಿದ್ದರು.

"ಮುಂದಿನ ಹುಟ್ಟುಹಬ್ಬ ಯಾರದ್ದು?" ಟೇಪಮ್ಮ ಕೇಳಿದಳು.

ಸೊಸೆ ಹಾಳೆಯನ್ನು ನೋಡಿದಳು. "ಶುಕ್ರವಾರ. ದೊಡ್ಡ ಟೀಚರದ್ದು."

"ಅವರ ಟಿಪ್ಪಣೀಲಿ ಏನು ಬರೆದಿದೀಯ?"

"ಪುಸ್ತಕದಲ್ಲಿ ಇದ್ದದ್ದೇ, ಅತ್ತೆ. ಬಲಗಡೆ ಇಲ್ಲ, ಮೆತ್ತೆ ಒಳಗಿನಿಂದ."

ಟೀಚರು ಕೊಟ್ಟಿದ್ದ ಮೇಲ್ ವಿಳಾಸ ಶಾಲೆಯ ಕಚೇರಿಯದು. ಅಲ್ಲಿಗೆ ಬಂದ ಮೇಲ್‌ಗಳನ್ನು ತೆರೆಯುವವನು ಗುಮಾಸ್ತ. ಆ ಪುಣ್ಯಾತ್ಮನಿಗೆ ಮನಸ್ಸಿನಲ್ಲಿ ಓದಲು ಬರುತ್ತಿರಲಿಲ್ಲ, ಏನು ಬಂದರೂ ಪಕ್ಕದ ಟೀಚರುಗಳ ಕೋಣೆಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದ.

ಟೇಪಮ್ಮ ಸ್ಟೂಲು ಎಳೆದುಕೊಂಡು ಕೂತಳು. "ಮೊದಲು ಎಲ್ಲರನ್ನೂ ಹೊರಗೆ ಹಾಕು. ಒಬ್ಬೊಬ್ಬರ ಹೆಸರು ಹೇಳಿ ಹಾಕು."

ಶುಭಾಶಯದವನು ಮೊದಲು ಹೋದ. ಆಮೇಲೆ ಫೋಟೋಕ್ಕೆ ಹೂವಿನ ಚೌಕಟ್ಟು ಹಾಕುವುದು.

"ಒಂದೇ ಸಲ ಹಾಕಿದ್ದೆ, ಅತ್ತೆ."

"ಒಂದು ಚೌಕಟ್ಟು ಹಾಕೋಕೆ ಬಂದವನು ಎರಡು ವರ್ಷದಿಂದ ಒಳಗೇ ಕೂತಿದಾನಾ? ನಡೀ ಅನ್ನು."

"ಇದು ಹಣ್ಣು ಒಡೆಯೋ ಆಟ."

"ಅದಕ್ಕೆ ನಮ್ಮ ಕಾಗದ ಓದೋ ಕೆಲಸ ಏನು?"

"ಮುಂದಿನ ಆಟಕ್ಕೆ ಬಿಡ್ಬೇಕಾದ್ರೆ ಒತ್ತು ಅಂತು. ಒತ್ತಿದೆ."

"ಗೆದ್ದೆಯಾ?"

"ಇಲ್ಲ."

"ಅದೂ ಇಲ್ಲ! ಮುಂದೆ?"

"ಮಳೆ ಬರುತ್ತಾ ಇಲ್ವಾ ಹೇಳೋದು."

"ಕಿಟಕಿ ಇದೆಯಲ್ಲೇ!"

ಏಳನ್ನೂ ತೆಗೆದದ್ದಾಯಿತು. ಆಮೇಲೆ ಸೊಸೆ ಇನ್ನೊಂದು ಮಾತು ಹೇಳಿದಳು. ನಾವು ಬಾಗಿಲು ಹಾಕಿಕೊಂಡೆವು ಅಷ್ಟೇ; ಆ ಶುಭಾಶಯದ ಆಪು ಆಗಲೇ ಹಾಳೆಯ ನಕಲು ತೆಗೆದಿಟ್ಟುಕೊಂಡಿದ್ದರೆ ಅದು ಅವರ ಬಳಿಯೇ ಉಳಿಯುತ್ತದಂತೆ, ಶುಕ್ರವಾರದ ಕಾಗದ ಅಲ್ಲಿಂದಲೇ ಹೋಗಬಹುದಂತೆ. ಅಳಿಸಿಬಿಡಿ ಎಂದು ಅವರಿಗೆ ಬರೆದಳು. ಗುರುವಾರ ಸಂಜೆಯಾದರೂ ಉತ್ತರವಿಲ್ಲ. ಸೊಸೆ ಯಂತ್ರದ ಮುಂದೆ ಕೂತು ಮುಸುಮುಸು ಅಳತೊಡಗಿದಳು.

"ಅಲ್ಲಿ ಅಳಬೇಡ, ಈ ಕಡೆ ಬಾ," ಅಂದಳು ಟೇಪಮ್ಮ. "ನೀರು ಬಿದ್ರೆ ಸೀಮೆಸುಣ್ಣದ ಗೆರೆ ಅಳಿಸಿ ಹೋಗುತ್ತೆ, ಆಮೇಲೆ ತೋಳು ಎಲ್ಲಿ ಕೂರಿಸ್ತೀಯ?" ಅಂದು, ತನ್ನ ಸೆರಗಿನಿಂದಲೇ ಅವಳ ಮೂಗು ಒರೆಸಿದಳು.

ಬೇಕರಿಯಮ್ಮನಿಗೆ ಕಾಗದ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಟೀಚರಿಗೂ ಅದೇ ಹೊತ್ತಿಗೆ ಬರಬಹುದು ಎಂದು ಲೆಕ್ಕ ಹಾಕಿ, ಶುಕ್ರವಾರ ಒಂಬತ್ತೂವರೆಗೆ ಟೇಪಮ್ಮ ನನ್ನನ್ನು ಕರೆದುಕೊಂಡು ಶಾಲೆಗೆ ಹೊರಟಳು. ದಾರಿಯಲ್ಲಿ ನಾನು ಕೇಳಿದೆ, "ಟೀಚರಿಗೇ ಹೇಳಿಬಿಡಬಾರದಾ?"

"ಹುಟ್ಟಿದ ಹಬ್ಬದ ದಿನ ಹೇಳ್ಲಾ? ಬಾಯಿ ಬರಲ್ಲ ಅಕ್ಕಾ."

"ಮತ್ತೆ ಅಲ್ಲಿ ಹೋಗಿ ಏನು ಮಾಡ್ತೀಯ?"

"ಕಾಗದ ಬಂದ್ರೆ ನಾನು ತಲೆ ಸುತ್ತಿ ಆ ಕಂಪ್ಯೂಟರ್ ಮೇಲೇ ಬೀಳ್ತೀನಿ. ನೀನು ನೀರು ನೀರು ಅಂತ ಕಿರುಚು. ಗುಮಾಸ್ತ ನೀರು ತರೋಕೆ ಓಡ್ತಾನೆ. ಉಳಿದದ್ದು ಆಮೇಲೆ."

ಶಾಲೆಯ ಕಚೇರಿಯಲ್ಲಿ ಗುಮಾಸ್ತನ ಮುಂದೆ ನಿಂತು, ನಿಮಗೊಂದು ಕೋಟು ಹೊಲಿದುಕೊಡುತ್ತೇನೆ, ಎಷ್ಟೋ ವರ್ಷದ ಪರಿಚಯ, ಒಂದು ನೆನಪಿಗೆ ಎಂದು ಟೇಪಮ್ಮ ಶುರು ಮಾಡಿದಳು. ಅವನು ಹಿಗ್ಗಿ ಎರಡೂ ಕೈ ಚಾಚಿ ನಿಂತ. ಟೇಪಮ್ಮ ಅವನ ಎದೆ ಅಳೆದಳು, ಬೆನ್ನು ಅಳೆದಳು, ಮತ್ತೆ ಎದೆ ಅಳೆದಳು. ಕಂಪ್ಯೂಟರು ಟಿಂಗ್ ಅಂದಿತು. ಕೈ ಚಾಚಿಕೊಂಡೇ ಅವನು ಕತ್ತು ತಿರುಗಿಸಿ ಗಟ್ಟಿಯಾಗಿ ಓದಿದ: "ಎರಡನೇ ಬಸ್ಸು ಇಂದು ತಡವಾಗಿ ಬರುತ್ತದೆ." ಟೇಪಮ್ಮ ಅವನ ತೋಳು ಅಳೆದಳು. ಟಿಂಗ್. "ಕಪ್ಪು ಹಲಗೆಯ ಬಣ್ಣಕ್ಕೆ ರಿಯಾಯಿತಿ." ಮಣಿಕಟ್ಟು ಅಳೆದಳು. ಗಡಿಯಾರ ಹತ್ತಾಯಿತು. ಟಿಂಗ್.

"ಹುಟ್ಟುಹಬ್ಬದ ಶುಭಾಶಯಗಳು," ಎಂದು ಅವನು ಓದಿದ.

ಟೇಪಮ್ಮ ಕಣ್ಣು ಮೇಲೆ ಮಾಡಿ ಒಂದು ಕಡೆ ವಾಲತೊಡಗಿದಳು. ನಾನು ಕಿರುಚಲು ಬಾಯಿ ತೆರೆದೆ.

"ನಿಮ್ಮ ಕನ್ನಡಕದ ಅಂಗಡಿಯಿಂದ," ಎಂದು ಅವನು ಮುಗಿಸಿದ.

ಅರ್ಧ ವಾಲಿದ್ದ ಟೇಪಮ್ಮ ಅಲ್ಲಿಂದಲೇ ಬಗ್ಗಿ ಅವನ ಪ್ಯಾಂಟಿನ ಉದ್ದ ಅಳೆದಳು. ತೆರೆದ ಬಾಯಿಗೆ ನಾನು ಆಕಳಿಕೆಯ ರೂಪ ಕೊಟ್ಟೆ. ಹನ್ನೊಂದೂವರೆಯವರೆಗೆ ಅಲ್ಲೇ ಇದ್ದೆವು. "ನಿಮ್ಮಷ್ಟು ಶ್ರದ್ಧೆ ಯಾರಿಗೂ ಇಲ್ಲ, ನಾಲ್ಕು ಸಲ ಅಳೆದ್ರಿ," ಎಂದು ಗುಮಾಸ್ತ ಕೈ ಮುಗಿದ. ಅಷ್ಟರಲ್ಲಿ ಸೊಸೆಯ ಫೋನು ಬಂತು. ಶುಭಾಶಯದವರು ಉತ್ತರ ಬರೆದಿದ್ದಾರೆ, ನಮ್ಮ ಹಾಳೆಯನ್ನು ಅಳಿಸಿದ್ದೇವೆ ಅಂದಿದ್ದಾರೆ. ವಾಪಸು ಬರುವಾಗ ದಾರಿಯಲ್ಲೇ ನಿಂತು, ಕಂಬ ಹಿಡಿದುಕೊಂಡು, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಜನ ತಿರುಗಿ ತಿರುಗಿ ನೋಡಿಕೊಂಡು ಹೋದರು.

ಅಂಗಡಿಗೆ ಬಂದರೆ ಸೊಸೆ ನಗಲಿಲ್ಲ. ನಾಳೆ ಶನಿವಾರ. ಒತ್ತುವುದೋ ಬೇಡವೋ?

"ಬೇಡ," ಅಂದಳು ಟೇಪಮ್ಮ. ಅಂದವಳ ಕಣ್ಣು ಬಟ್ಟೆ ಹೊದೆದು ಕೂತಿದ್ದ ಯಂತ್ರದ ಮೇಲೆ ಹೋಯಿತು, ಸೊಸೆಯ ಚೀಲದ ಮೇಲೆ ಹೋಯಿತು.

ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬ ಗಿರಾಕಿ ಬಂದು, ಮನೆಯಲ್ಲಿ ತೋರಿಸಬೇಕು, ನೀಲಿ ಬಟ್ಟೆಯ ಮಾದರಿ ಕೊಡಿ ಎಂದಳು. ಟೇಪಮ್ಮ ಎಂದಿನಂತೆ ಸುತ್ತಿಟ್ಟ ಬಟ್ಟೆಯ ತಾನಿನ ಅಂಚಿನಿಂದ ಅಂಗೈಯಗಲದ ತುಂಡು ಕತ್ತರಿಸಿ ಕೊಟ್ಟಳು. ಕೊಟ್ಟವಳು ಕತ್ತರಿ ಹಿಡಿದೇ ನಿಂತಳು.

"ಮಗಳೇ, ಈ ಖಾತೆ ಅನ್ನೋದು ಒಬ್ಬರಿಗೆ ಒಂದೇನಾ?"

"ಎಷ್ಟು ಬೇಕಾದ್ರೂ ಮಾಡ್ಕೋಬಹುದು ಅತ್ತೆ."

"ಹಂಗಾದ್ರೆ ಹೊಸದೊಂದು ಮಾಡು. ಒಳಗೆ ಒಂದು ದಾರದ ಎಳೇನೂ ಇರಬಾರದು. ಮಾದರಿ ಕೇಳಿದವರಿಗೆ ತುಂಡು ಕೊಡ್ತೀವಿ, ಇಡೀ ತಾನು ಎತ್ತಿ ಕೊಡ್ತೀವಾ? ಆ ಆಪಿಗೆ ಹೊಸ ಖಾತೆ ಕೊಡು. ನೋಡ್ಲಿ, ತಿದ್ಲಿ, ಅಳಿಸ್ಲಿ. ಖಾಲಿ ಬೀರು ಎಷ್ಟು ಬೇಕಾದ್ರೂ ಹುಡುಕ್ಲಿ."

ಸೊಸೆ ಬಾಯಿ ಬಿಟ್ಟು ನೋಡಿದಳು. "ಇದು ನನಗೆ ಯಾಕೆ ಹೊಳೀಲಿಲ್ಲ?"

"ನೀನು ಹಣ್ಣು ಒಡೀತಿದ್ದೆ."

ಹೊಸ ಖಾತೆಯಲ್ಲಿ ನರ್ಸುಗಳ ಹಾಳೆ ಮಾತ್ರ ಇಟ್ಟರು. ಅವರನ್ನೂ ಒಬ್ಬೊಬ್ಬರನ್ನೇ ಕೇಳಿ, ಬೇಡ ಅಂದವರ ಹೆಸರಿನ ಬದಲು ಬರೀ ಸಂಖ್ಯೆ ಹಾಕಿದರು. ಆಸ್ಪತ್ರೆಯ ಖರೀದಿ ಮೇಡಮ್ಮು, ಅದಕ್ಕೇನಂತೆ, ಅಂಗಿ ಸರಿಯಾಗಿ ಬಂದರೆ ಸಾಕು ಅಂದರು. ಮೂರು ತಿಂಗಳಿಂದ ಮುಚ್ಚಿದ್ದ ಯಂತ್ರದ ಮೇಲಿನ ಬಟ್ಟೆ ತೆಗೆದೆವು. ಸೊಸೆ ಆ ಕಾರ್ಖಾನೆಯ ಅರ್ಜಿಯನ್ನು ತೋಳಿನ ನಕ್ಷೆ ಕತ್ತರಿಸಲು ಬಳಸಿದಳು. ಗುಮಾಸ್ತನ ಕೋಟು ಎಷ್ಟು ಚೆನ್ನಾಗಿ ಬಂತೆಂದರೆ ಅವನು ಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ.

ಇದಾಗಿ ನಾಲ್ಕು ವರ್ಷ ಟೇಪಮ್ಮ ಚೆನ್ನಾಗಿಯೇ ಇದ್ದಳು. ಹೊಸ ಆಪು ಏನಾದರೂ ಕೇಳಿದರೆ ಸೊಸೆ ಫೋನು ತಂದು ಗಟ್ಟಿಯಾಗಿ ಓದುವುದು, ಟೇಪಮ್ಮ ಪ್ರತಿ ಸಾಲಿಗೂ "ಯಾಕಂತೆ?" ಅನ್ನುವುದು ಅಂಗಡಿಯ ನಿತ್ಯದ ತಮಾಷೆಯಾಯಿತು. ಆಮೇಲೆ ಎದೆಯ ಕಾಯಿಲೆ ಬಂತು, ಹದಿನಾಲ್ಕು ಮೆಟ್ಟಿಲು ಹತ್ತಲಾಗದೆ ಮನೆಯಲ್ಲೇ ಉಳಿದಳು. ನಾನು ದಿನವೂ ಮಧ್ಯಾಹ್ನ ಹೋಗಿ ಅವಳ ಮಂಚದ ಪಕ್ಕದಲ್ಲೇ ಕೂತು ಕಾಜಾ ಹೊಲಿಯುತ್ತಿದ್ದೆ. ಅವಳು ಮಲಗಿದಲ್ಲಿಂದಲೇ ನನ್ನ ಹೊಲಿಗೆಯಲ್ಲಿ ಹುಳುಕು ಹುಡುಕುತ್ತಿದ್ದಳು.

ಅವಳು ಬದುಕಿದ್ದ ಕೊನೆಯ ಮಂಗಳವಾರ ನನ್ನ ಕೈಯಿಂದ ಅಂಗಿಯನ್ನು ಕಿತ್ತು ಪಕ್ಕಕ್ಕಿಟ್ಟಳು.

"ಅಕ್ಕಾ, ನಾನು ಆ ಆಪುಗಳಿಗೆಲ್ಲ ಯಾಕೆ ಯಾಕೆ ಅಂತ ಕೇಳ್ದೆನಲ್ಲ. ಟೀಚರದ್ದನ್ನ ಫೋನಿಗೆ ಏರಿಸೋವಾಗ ನಾನು ಅವರನ್ನ ಕೇಳಿದ್ನಾ?"

"ಇಲ್ಲ," ಅಂದೆ.

"ಶುಕ್ರವಾರದ ಕತೇನೂ ಹೇಳ್ಲಿಲ್ಲ. ಆಮೇಲೆ ಎಷ್ಟು ಸಲ ಅಂಗಿ ಹೊಲಿಸೋಕೆ ಬಂದ್ರು, ಪ್ರತಿ ಸಲ ಬಾಯಿ ತುದಿಗೆ ಬಂದು ವಾಪಸ್ ಹೋಯ್ತು. ನಾಲ್ಕು ಸಲ ಗುಮಾಸ್ತನ್ನ ಅಳೆಯೋ ಧೈರ್ಯ ಇತ್ತು, ಇದಕ್ಕೆ ಇರ್ಲಿಲ್ಲ ನೋಡು."

"ಈಗ್ಯಾಕೆ ಅದೆಲ್ಲ?"

"ಈಗ ಖಾತೆ ಸೊಸೆ ಕೈಗೆ ಹೋಗುತ್ತೆ. ಅವಳು ಜಾಣೆ, ಹಾಳು ಮಾಡಲ್ಲ. ಆದ್ರೂ ಅದರೊಳಗಿರೋ ಟೀಚರ ವಿಷಯ ಅವಳದ್ದಲ್ಲ, ನನ್ನದೂ ಅಲ್ಲ." ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡು ನನ್ನ ಮಂಡಿಯನ್ನು ತಟ್ಟಿದಳು. "ನೀನು ಎದ್ದು ಹೋಗು. ಟೀಚರ ಹತ್ರ ಕೂತು ನಡೆದದ್ದೆಲ್ಲ ಹೇಳು, ತಲೆ ಸುತ್ತಿ ಬೀಳೋಕೆ ಹೊರಟದ್ದೂ ಹೇಳು, ನಗ್ಲಿ. ಆಮೇಲೆ ಕೇಳು, ಇಟ್ಕೊಳ್ಲಾ, ಅಳಿಸ್ಲಾ ಅಂತ. ಅವರು ಏನಂತಾರೋ ಅದೇ ಮಾತು ತಗೊಂಡು ಬಾ, ನಿನ್ನದೇನೂ ಸೇರಿಸಬೇಡ. ಬೇಗ ಹೋಗಕ್ಕಾ, ಶಾಲೆ ಬಿಡೋ ಹೊತ್ತಾಯ್ತು."